ಸೊರಗಿದ ಚುಕ್ಕೆಗಳು

ನನ್ನ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ನೇರಳೆ ಬಣ್ಣ. ಶಾಯಿಯಲ್ಲ, ಹಣ್ಣಿನ ಕಲೆಯಲ್ಲ. ನಿನ್‌ಹೈಡ್ರಿನ್ ಅನ್ನುವ ದ್ರಾವಣವೊಂದಿದೆ. ಅಮಿನೊ ಆಮ್ಲ ಎಲ್ಲಿದ್ದರೂ ಹುಡುಕಿ ಅದನ್ನು ನೇರಳೆ ಮಾಡಿಬಿಡುತ್ತದೆ. ಮನುಷ್ಯರ ಬೆವರಿನಲ್ಲೂ ಅಮಿನೊ ಆಮ್ಲ ಇರುವುದರಿಂದ ಗ್ಲೌಸ್ ಹಾಕಿಕೊಳ್ಳಲು ಮರೆತವರ ಗುಟ್ಟು ರಟ್ಟಾಗುತ್ತದೆ. ನಾನು ದಿನವೂ ಮರೆಯುವವಳು. ನನ್ನ ಮಾವ, ಅಂದರೆ ಗಂಡನ ತಂದೆ, ಮೂವತ್ತು ವರ್ಷ ಊರವರಿಗೆಲ್ಲ ಕಾರು ಓಡಿಸಲು ಕಲಿಸಿ ಈಗ ಮನೆಯಲ್ಲಿ ಕೂತು ನನಗೆ ಬದುಕಲು ಕಲಿಸುತ್ತಿರುವವರು. "ಎಲ್ಲಾದ್ರೂ ಕಳ್ಳತನ ಆದ್ರೆ ಪೊಲೀಸರು ಮೊದ್ಲು ನಿನ್ನ ಕೈ ನೋಡ್ತಾರೆ ಕಣಮ್ಮ" ಎಂದು ಊಟಕ್ಕೆ ಕೂತಾಗೆಲ್ಲ ಹೇಳುತ್ತಾರೆ. ನಾನೂ ಪ್ರತಿ ಸಲ ಹೊಸದಾಗಿ ಕೇಳಿದವಳಂತೆ ನಗುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಲೈಸಿನ್ ತಯಾರಾಗುತ್ತದೆ. ಕೋಳಿಗಳ ಮೇವಿಗೆ ಬೆರೆಸುವ ಅಮಿನೊ ಆಮ್ಲ ಅದು; ಅದು ಸಾಲದೆ ಹೋದರೆ ಕೋಳಿ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ತಯಾರಿಸುವುದು ನಾವಲ್ಲ, ಮಣ್ಣಿನಿಂದ ತಂದ ಒಂದು ಬ್ಯಾಕ್ಟೀರಿಯಾ. ನಾವು ಅದಕ್ಕೆ ಸಕ್ಕರೆ ಪಾಕ, ಗಾಳಿ, ಅಮೋನಿಯಾ ಕೊಟ್ಟು ಮೂರು ಮಹಡಿ ಎತ್ತರದ ಉಕ್ಕಿನ ಟ್ಯಾಂಕಿನಲ್ಲಿ ಸಾಕುತ್ತೇವೆ, ಅಷ್ಟೆ. ತೊಂದರೆ ಏನೆಂದರೆ ಅದಕ್ಕೆ ಮಿತವ್ಯಯದ ಚಟ. ತನಗೆ ಬೇಕಾದಷ್ಟು ಲೈಸಿನ್ ಆದ ಕೂಡಲೇ ಒಳಗಿರುವ ಕಾವಲುಗಾರ ಕಿಣ್ವವೊಂದು "ಸಾಕು" ಎಂದು ಕೆಲಸ ನಿಲ್ಲಿಸಿಬಿಡುತ್ತದೆ. ಏಳು ವರ್ಷ ನಾನು ಮಾಡಿದ್ದು ಆ ಕಾವಲುಗಾರನನ್ನು ಕಿವುಡನನ್ನಾಗಿ ಮಾಡುವ ಕೆಲಸ. ಅವನ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಯಿಸಿದೆ. ಆಮೇಲೆ ಲೈಸಿನ್ ಹೊರಗೆ ಹೋಗುವ ಬಾಗಿಲನ್ನು ಅಗಲ ಮಾಡಿದೆ. ಹೇಳುವುದಕ್ಕೆ ಎರಡು ಮಾತು. ಮಾಡುವಾಗ ನಾಲ್ಕುನೂರ ಹದಿನಾರು ಸಲ ಸೋತೆ. ನಾಲ್ಕುನೂರ ಹದಿನೇಳನೆಯದು ಗೆದ್ದಿತು, ಅದಕ್ಕೇ ಅದರ ಹೆಸರೂ ನಾಲ್ಕುನೂರ ಹದಿನೇಳು. ಯಾರೂ ಹತ್ತಿರ ಇಲ್ಲದಾಗ ನಾನು ಅದನ್ನು "ಧಾರಾಳಿ" ಎಂದು ಕರೆಯುತ್ತಿದ್ದೆ.

ಕಾರ್ಖಾನೆಯ ಹಳೇ ತಳಿ ಲೀಟರಿಗೆ ಎಂಬತ್ತೈದು ಗ್ರಾಂ ಲೈಸಿನ್ ಕೊಡುತ್ತಿತ್ತು. ಧಾರಾಳಿ ಪರೀಕ್ಷೆಯ ಸಣ್ಣ ಟ್ಯಾಂಕಿನಲ್ಲಿ ನೂರ ಹನ್ನೆರಡು ಕೊಟ್ಟಿತು. ಆ ದಿನ ನಾನು ಕಾರಿಡಾರಿನಲ್ಲಿ ಓಡಿ ನೆಲ ಒರೆಸುವವರ ಬಕೆಟ್ ಬೀಳಿಸಿದ್ದೆ. ನಂತರ ದೊಡ್ಡ ಟ್ಯಾಂಕಿಗೆ ಹಾಕಿದೆವು. ತೊಂಬತ್ತನಾಲ್ಕು ಬಂತು. ಇರಲಿ, ಹೊಸ ಮನೆ, ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು ಎಂದು ಸಮಾಧಾನ ಮಾಡಿಕೊಂಡೆ. ಎರಡನೇ ಸಲ ಎಂಬತ್ತೊಂದಕ್ಕೆ ಇಳಿಯಿತು, ಹಳೇ ತಳಿಗಿಂತಲೂ ಕಡಿಮೆ.

ಮ್ಯಾನೇಜರ್ ನನ್ನನ್ನು ಕರೆಸಿದರು. ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ತೆಗೆದು ಒರೆಸುವುದು ಅವರ ಅಭ್ಯಾಸ. ಎದುರಿನವರ ಮುಖ ಮಸುಕಾಗಿ ಕಾಣಲಿ ಎಂದಿರಬೇಕು.

"ನೋಡಿ, ಹೊರಗಡೆಯಿಂದ ಸಿದ್ಧ ತಳಿ ತರಿಸೋಣ ಅಂತ ಮೇಲಿನವರು ಹೇಳ್ತಿದಾರೆ. ಹದಿನೆಂಟು ದಿನ ಬಿಟ್ಟು ಬರೋ ಸೋಮವಾರ ಇನ್ನೊಂದೇ ಒಂದು ಟ್ಯಾಂಕ್ ಕೊಡಿಸ್ತೀನಿ. ನೂರಹತ್ತು ದಾಟಬೇಕು."

"ದಾಟದಿದ್ರೆ?"

"ಲ್ಯಾಬ್ ಮುಚ್ತೀವಿ. ನಿಮಗೆ ಪ್ಯಾಕಿಂಗ್ ವಿಭಾಗದಲ್ಲಿ ಜಾಗ ಇದೆ. ಒಳ್ಳೇ ಜಾಗ, ಕಿಟಕಿ ಇದೆ."

ಕಿಟಕಿಯಂತೆ! ಏಳು ವರ್ಷದ ಕೆಲಸಕ್ಕೆ ಬದಲಾಗಿ ಒಂದು ಕಿಟಕಿ. ನಾನು ಎದ್ದು ಬಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರ ಎದುರು ತೋರಿಸುವಂತಿರಲಿಲ್ಲ, ಆದ್ದರಿಂದ ಹೊತ್ತುಕೊಂಡೇ ಲ್ಯಾಬಿಗೆ ನಡೆದೆ. ಅಲ್ಲಿ ಸಿಕ್ಕವರು ಪ್ಲೇಟಮ್ಮ.

ಪ್ಲೇಟಮ್ಮ ಅಂದರೆ ನಮ್ಮ ಲ್ಯಾಬಿನ ಕೈ. ಇಪ್ಪತ್ತಾರು ವರ್ಷದಿಂದ ಗಾಜಿನ ತಟ್ಟೆಗಳಿಗೆ ಆಹಾರದ ಜೆಲ್ಲಿ ಹುಯ್ದು, ಅದರ ಮೇಲೆ ಬ್ಯಾಕ್ಟೀರಿಯಾ ಗೆರೆ ಎಳೆದು ಬೆಳೆಸುವವರು. ತಟ್ಟೆಯ ಮೇಲೆ ಬಿದ್ದ ಒಂದೊಂದು ಬ್ಯಾಕ್ಟೀರಿಯಾವೂ ಕೋಟಿಗಟ್ಟಲೆಯಾಗಿ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಆ ಚುಕ್ಕೆಗಳಲ್ಲಿ ಐದಾರನ್ನು ಆರಿಸಿ, ತಂತಿಯಿಂದ ಸವರಿ, ಮುಂದಿನ ಬೆಳೆಗೆ ಬೀಜ ಮಾಡುವುದು, ಉಳಿದದ್ದನ್ನು ಟ್ಯೂಬುಗಳಲ್ಲಿ ಹೆಪ್ಪುಗಟ್ಟಿಸಿ ಇಡುವುದು ಅವರ ಕೆಲಸ. ಪ್ರತಿ ಬೆಳೆಗೂ ಹಿಂದಿನ ಟ್ಯೂಬಿನಿಂದ ಹೊಸ ತಟ್ಟೆ, ಹೊಸ ತಟ್ಟೆಯಿಂದ ಹೊಸ ಟ್ಯೂಬು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ಮೇಡಂ ಅನ್ನುತ್ತಾರೆ.

"ಎಲ್ಲೋ ಕೈ ಸರಿಯಾಗಿ ತೊಳೆದಿಲ್ಲ ನೀವು," ಅಂದೆ. ಗಾಜು ತೊಳೆಯುವ ಇಬ್ಬರು, ಸ್ಯಾಂಪಲ್ ತಂದಿದ್ದ, ದೊಡ್ಡ ಟ್ಯಾಂಕ್ ನೋಡಿಕೊಳ್ಳುವ ಟ್ಯಾಂಕಣ್ಣ, ಎಲ್ಲರೂ ಅಲ್ಲೇ ಇದ್ದರು. "ಬೇರೆ ಯಾವುದೋ ಜಾತಿ ಸೇರ್ಕೊಂಡಿದೆ. ಇಲ್ದಿದ್ರೆ ನೂರ ಹನ್ನೆರಡು ಎಂಬತ್ತೊಂದು ಹೇಗಾಗುತ್ತೆ? ನನ್ನ ಏಳು ವರ್ಷ ನೀರಲ್ಲಿ ಹೋಮ ಆಯ್ತು!"

ಪ್ಲೇಟಮ್ಮ ಕೈಯಲ್ಲಿದ್ದ ತಂತಿಯನ್ನು ಜ್ವಾಲೆಗೆ ಹಿಡಿದು, ಕೆಂಪಗೆ ಕಾಯಿಸಿ, ಆರಿಸಿ, ಸ್ಟ್ಯಾಂಡಿನಲ್ಲಿಟ್ಟರು. ಅಷ್ಟು ಬೈದರೂ ಅವರ ಕೈ ನಡುಗಲಿಲ್ಲ ಎನ್ನುವುದನ್ನು ನಾನು ಆಮೇಲೆ ನೆನಪು ಮಾಡಿಕೊಂಡೆ.

"ಇಪ್ಪತ್ತಾರು ವರ್ಷದಲ್ಲಿ ನನ್ನ ಪ್ಲೇಟಲ್ಲಿ ಬೇರೆ ಜಾತಿ ಬಂದಿಲ್ಲ. ಬನ್ನಿ, ಇದ್ರೆ ತೋರ್ಸಿ," ಎಂದು ಹಿಂದಿನ ಬೆಳೆಯ ತಟ್ಟೆಯನ್ನು ನನ್ನ ಮುಂದೆ ತಳ್ಳಿದರು.

ನಾನು ನೋಡಿದೆ. ಸೂಕ್ಷ್ಮದರ್ಶಕದಲ್ಲೂ ಹಾಕಿ ನೋಡಿದೆ, ಬೇಕಂತಲೇ ತಪ್ಪು ಹುಡುಕುವವಳ ಕಣ್ಣಿನಲ್ಲಿ. ಎಲ್ಲವೂ ನಮ್ಮದೇ ಜಾತಿ, ಅದೇ ತಿಳಿ ಹಳದಿ, ಅದೇ ಗಿಡ್ಡ ಕೋಲಿನ ಆಕಾರ. ಟ್ಯಾಂಕಣ್ಣ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಜಾರಿಕೊಂಡರು. ಇನ್ನೇನು ತಟ್ಟೆ ಮುಚ್ಚಬೇಕು, ಅಂಚಿನಲ್ಲಿ ಏನೋ ಕಂಡಿತು. ದಪ್ಪ ದಪ್ಪ ಚುಕ್ಕೆಗಳ ನಡುವೆ ಸಾಸಿವೆಗಿಂತ ಸಣ್ಣ, ಸೊರಗಿದ ಚುಕ್ಕೆಗಳು, ಹತ್ತೋ ಹನ್ನೆರಡೋ.

"ಇವೇನು?"

"ಅವಾ? ಅವು ಮೊದಲಿಂದಾನೂ ಇವೆ. ಶುರೂನಲ್ಲಿ ತಟ್ಟೆ ತುಂಬ ಸಣ್ಣವೇ ಇದ್ವು, ಒಂದೋ ಎರಡೋ ದಪ್ಪ. ಬರ್ತಾ ಬರ್ತಾ ದಪ್ಪದ್ದು ಜಾಸ್ತಿ ಆಯ್ತು. ಈಗ ನೋಡಿ, ಸಣ್ಣವನ್ನ ಹುಡುಕಬೇಕು."

ನಾನು ತಟ್ಟೆಯನ್ನು ಬೆಳಕಿಗೆ ಹಿಡಿದೆ.

"ನೀವು ಯಾವುದನ್ನ ಆರಿಸ್ತಿದ್ರಿ?"

ಪ್ಲೇಟಮ್ಮ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ನಾನೇ ಬರೆದು, ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ ಸೂಚನೆಗಳ ಹಾಳೆಯಿತ್ತು. ನಾಲ್ಕನೇ ಸೂಚನೆ: "ದಪ್ಪಗೆ, ದುಂಡಗೆ, ಆರೋಗ್ಯವಾಗಿ ಬೆಳೆದ ಚುಕ್ಕೆಗಳನ್ನೇ ಆರಿಸತಕ್ಕದ್ದು." ಅಡಿಯಲ್ಲಿ ಎರಡು ಗೆರೆ, ಅವೂ ನನ್ನವೇ.

ನಾನು ಸ್ಟೂಲಿನ ಮೇಲೆ ಕುಸಿದು ಕೂತೆ. ಈ ಕೆಲಸದಲ್ಲಿರುವ ಎಲ್ಲರಿಗೂ ಮೊದಲ ದಿನವೇ ಕಲಿಸುವ ಪಾಠ ಅದು: ಚೆನ್ನಾಗಿ ಬೆಳೆದಿರುವುದನ್ನು ಎತ್ತಿಕೋ. ಯಾಕೆ ಎಂದು ನಾನು ಕೇಳಿರಲಿಲ್ಲ, ನನಗೆ ಕಲಿಸಿದವರೂ ಕೇಳಿರಲಿಲ್ಲ. ಆದರೆ ಧಾರಾಳಿ ತಿಂದ ಸಕ್ಕರೆಯಲ್ಲಿ ಅರ್ಧಕ್ಕರ್ಧ ಲೈಸಿನ್ ಮಾಡಿ ಹೊರಗೆ ಕೊಟ್ಟುಬಿಡುವಂಥದ್ದು. ಅದು ದಪ್ಪ ಆಗುವುದು ಎಲ್ಲಿಂದ? ಹಾಗಾದರೆ ದಪ್ಪಗಾದವು ಯಾವುವು? ಎಲ್ಲೋ ಒಂದು ತಪ್ಪು ನಕಲಾಗಿ ಬಾಗಿಲನ್ನು ಮತ್ತೆ ಹಾಕಿಕೊಂಡವು, ಸಕ್ಕರೆಯನ್ನೆಲ್ಲ ತಮ್ಮ ಮೈಗೇ ಹಚ್ಚಿಕೊಂಡವು. ನಾನು ಏಳು ವರ್ಷ ಕಷ್ಟಪಟ್ಟು ಕೊಡುವವರನ್ನು ಹುಟ್ಟಿಸಿ, ಆಮೇಲೆ ಆರು ತಿಂಗಳು ಅಷ್ಟೇ ಶ್ರದ್ಧೆಯಿಂದ ಉಂಡಾಡಿಗಳನ್ನು ಆರಿಸಿ ಸಾಕಿದ್ದೆ.

"ಇಷ್ಟೆಲ್ಲ ಗಮನಿಸಿದ್ರಲ್ಲ, ನನಗೆ ಹೇಳ್ಬಾರ್ದಾಗಿತ್ತಾ?" ಎಂದೆ. ದನಿ ಅಳುವ ಹಾಗೆ ಬಂತು.

"ನೀವು ಕೇಳಿದ್ರಾ?" ಅಂದರು ಪ್ಲೇಟಮ್ಮ.

ಅವರು ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿ ಊಟಕ್ಕೆ ಹೋದರು. ನಾನು ನಾಲಿಗೆ ಕಚ್ಚಿಕೊಂಡು ಅಲ್ಲೇ ಕೂತಿದ್ದೆ. ಮೊದಲ ಟ್ಯೂಬುಗಳು ಒಂದೂ ಉಳಿದಿರಲಿಲ್ಲ. ಪರೀಕ್ಷೆಗೆಂದು ಎಲ್ಲವನ್ನೂ ಖರ್ಚು ಮಾಡಿದ್ದೆವು. ಮೊದಲಿಂದ ಕಟ್ಟೋಣವೆಂದರೆ ಎಂಟು ತಿಂಗಳ ಕೆಲಸ, ಕೈಯಲ್ಲಿದ್ದದ್ದು ಹದಿನೆಂಟು ದಿನ. ಧಾರಾಳಿ ಎಲ್ಲಾದರೂ ಬದುಕಿದ್ದರೆ ಆ ಅಂಚಿನ ಹತ್ತು ಹನ್ನೆರಡು ಚುಕ್ಕೆಗಳಲ್ಲೇ ಬದುಕಿರಬೇಕಿತ್ತು.

ಅವರು ಊಟ ಮುಗಿಸಿ ಬರುವಷ್ಟರಲ್ಲಿ ನಾನು ಒಂದು ಹುಚ್ಚು ಕೆಲಸಕ್ಕೆ ಕೈ ಹಾಕಿದ್ದೆ. ಒಂದೊಂದು ಚುಕ್ಕೆಯನ್ನೂ ಬೇರೆ ಬೇರೆ ಬೆಳೆಸಿ ಪರೀಕ್ಷೆ ಮಾಡುವ ತಾಳ್ಮೆ ಇರಲಿಲ್ಲ. ತಟ್ಟೆಯ ಅಳತೆಗೆ ಸೋಸುವ ಕಾಗದ ಕತ್ತರಿಸಿ, ಚುಕ್ಕೆಗಳ ಮೇಲೆ ಒತ್ತಿ, ಎತ್ತಿ, ನಿನ್‌ಹೈಡ್ರಿನ್ ಚಿಮುಕಿಸಿ, ಲ್ಯಾಬಿನ ಬಿಸಿಗಾಳಿಯ ಒಲೆಗಿಟ್ಟೆ. ಲೈಸಿನ್ ಕೊಡುವ ಚುಕ್ಕೆಯ ಸುತ್ತ ಮಾತ್ರ ನೇರಳೆ ಬಳೆ ಮೂಡಬೇಕು ಎಂಬುದು ನನ್ನ ಲೆಕ್ಕ. ಎರಡು ನಿಮಿಷಕ್ಕೆ ತೆಗೆದು ನೋಡಿದರೆ ಕಾಗದಕ್ಕೆ ಕಾಗದವೇ ನೇರಳೆ. ನನ್ನ ಐದು ಬೆರಳಿನ ಗುರುತೂ ಅದರಲ್ಲಿ ಅಂದವಾಗಿ ಬಂದಿತ್ತು.

ಹಿಂದಿನಿಂದ ಒಂದು ಸಣ್ಣ ನಗು ಕೇಳಿಸಿತು.

"ನನ್ನ ಜೆಲ್ಲೀಲೇ ಅಮಿನೊ ಆಮ್ಲ ತುಂಬಿದೆ ಮೇಡಂ. ಯೀಸ್ಟ್ ಸಾರ ಹಾಕಿರ್ತೀನಲ್ಲ. ಎಲ್ಲಾನೂ ಬಣ್ಣ ಆಗುತ್ತೆ. ಬರೀ ಸಕ್ಕರೆ, ಉಪ್ಪು, ಅಮೋನಿಯಾ ಹಾಕಿ ಸಪ್ಪೆ ತಟ್ಟೆ ಮಾಡ್ಕೊಡ್ತೀನಿ. ಮೂರು ದಿನ ಬೇಕು ಬೆಳೆಯೋಕೆ. ಗ್ಲೌಸ್ ಹಾಕ್ಕೊಳ್ಳಿ ಮೊದ್ಲು."

ಬೈಸಿಕೊಂಡ ಒಂದು ಗಂಟೆಯಲ್ಲಿ ನನ್ನ ಜೊತೆ ಹೀಗೆ ಮಾತಾಡಿದರಲ್ಲ, ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮೆತ್ತಗೆ, ಅವರಿಗೆ ಮಾತ್ರ ಕೇಳುವ ಹಾಗೆ, "ತಪ್ಪಾಯ್ತು ಪ್ಲೇಟಮ್ಮ" ಎಂದೆ. ಅವರು ಸಕ್ಕರೆ ತೂಗುತ್ತಿದ್ದರು. ತಲೆ ಎತ್ತಲಿಲ್ಲ.

ಮನೆಯಲ್ಲಿ ಮಾವ ತಟ್ಟೆ ಇಡುತ್ತಿದ್ದರು. ಗಂಡ ಬಸ್ ಡಿಪೋದಿಂದ ಬರುವುದು ತಡವಾಗುವ ದಿನ ನಮ್ಮಿಬ್ಬರದೇ ಊಟ, ನಮ್ಮಿಬ್ಬರದೇ ಮಾತು.

"ಹೇಗಿದೆ ನಿನ್ನ ಹುಳಗಳ ಸಂಸಾರ?"

ಹುಳ ಅನ್ನಬೇಡಿ ಎಂದು ಹತ್ತು ವರ್ಷ ಹೇಳಿ ನಾನು ಕೈಬಿಟ್ಟಿದ್ದೇನೆ. ಎಲ್ಲ ಹೇಳಿದೆ, ಬೈದದ್ದನ್ನೂ ಗೋಡೆಯ ಹಾಳೆಯನ್ನೂ ಬಿಡದೆ. ಅವರು ತುತ್ತು ಎತ್ತದೆ ಕೇಳಿದರು.

"ಮತ್ತೆ? ಆ ತಾಯಿ ಹತ್ರ ತಪ್ಪಾಯ್ತು ಅಂದ್ಯಾ?"

"ಅಂದೆ ಮಾವ."

"ಯಾರ ಮುಂದೆ ಅಂದೆ?"

ನಾನು ತಲೆ ತಗ್ಗಿಸಿ ಅನ್ನ ಕಲಸತೊಡಗಿದೆ.

"ಬೈದಿದ್ದು ನಾಲ್ಕು ಜನರ ಮುಂದೆ, ತಪ್ಪಾಯ್ತು ಅಂದಿದ್ದು ಮೂಲೇಲಾ? ರಸ್ತೆ ಮಧ್ಯ ಗುದ್ದಿ ಗಲ್ಲೀಲಿ ಹೋಗಿ ಕೈ ಮುಗಿದ್ರೆ ಆಗುತ್ತೇನಮ್ಮಾ?" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಬಡಿಸುವುದೂ ಬೈಯುವುದೂ ಅವರಿಗೆ ಒಟ್ಟೊಟ್ಟಿಗೇ ಬರುತ್ತದೆ.

ಮೂರು ದಿನ ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ನಾಲ್ಕನೇ ದಿನ ಬೆಳಿಗ್ಗೆ ಪ್ಲೇಟಮ್ಮ, ಹಳೇ ತಟ್ಟೆಯ ದಪ್ಪ ಸಣ್ಣ ಚುಕ್ಕೆಗಳೆರಡನ್ನೂ ಗೆರೆ ಎಳೆದು ಬೆಳೆಸಿದ್ದ ಸಪ್ಪೆ ತಟ್ಟೆಗಳನ್ನು ಬೆಚ್ಚಗಿನ ಪೆಟ್ಟಿಗೆಯಿಂದ ತೆಗೆದರು. ಈ ಸಲ ಕಾಗದ ಒತ್ತಿದ್ದು ಅವರ ಕೈ, ದ್ರಾವಣ ಚಿಮುಕಿಸಿದ್ದು ನಾನು, ಗ್ಲೌಸ್ ಹಾಕಿಕೊಂಡೇ. ಒಲೆಯ ಗಾಜಿನ ಬಾಗಿಲಿಗೆ ಇಬ್ಬರೂ ಮೂಗು ತಾಗಿಸಿ ನಿಂತೆವು. ಮೊದಲು ಏನೂ ಇಲ್ಲ, ಬರೀ ಬಿಳಿ ಕಾಗದ. ಆಮೇಲೆ ಒಂದು ಕಡೆ ಮಸುಕಾಗಿ ಕೆಂಪು ಛಾಯೆ ಬಂತು. ಅದು ನೇರಳೆಯಾಗಿ, ಗಾಢವಾಗಿ, ಬಳೆಯಾಗಿ ಅರಳಿತು. ಇನ್ನೊಂದು. ಮತ್ತೊಂದು. ಕಾಗದ ಹೊರತೆಗೆದು ತಟ್ಟೆಯ ಪಕ್ಕದಲ್ಲಿಟ್ಟು ಹೋಲಿಸಿದೆವು. ದಪ್ಪ ಚುಕ್ಕೆಗಳಿದ್ದ ಜಾಗವೆಲ್ಲ ಖಾಲಿ. ಪ್ರತಿ ಬಳೆಯ ನಡುವೆ ಇದ್ದದ್ದು ಒಂದೊಂದು ಸೊರಗಿದ ಚುಕ್ಕೆ.

"ಅಯ್ಯೋ ನನ್ನ ಬಂಗಾರಗಳಾ!" ಎಂದು ಪ್ಲೇಟಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಇವನ್ನಲ್ವಾ ನಾನು ರೋಗದವು ಅಂತ ಎತ್ತಿ ಬಿಸಾಕ್ತಿದ್ದಿದ್ದು!"

ನನಗೆ ಕಣ್ಣು ತುಂಬಿ ಬಂತು. ಖುಷಿಗೋ ನಾಚಿಕೆಗೋ ಹೇಳಲಾರೆ, ಎರಡೂ ಇತ್ತು.

ಆ ಎಲ್ಲ ತಟ್ಟೆಗಳ ಸಣ್ಣವುಗಳಲ್ಲಿ ಅತಿ ಗಾಢವಾದ ಬಳೆಯ ಇಪ್ಪತ್ತನ್ನು ಆರಿಸಿ ಫ್ಲಾಸ್ಕುಗಳಲ್ಲಿ ಬೆಳೆಸಿದೆವು, ಅವುಗಳಲ್ಲಿ ಒಂದನ್ನು ಉಳಿಸಿಕೊಂಡೆವು. ಅದರಿಂದ ಒಂದೇ ಸಲಕ್ಕೆ ಇನ್ನೂರು ಟ್ಯೂಬು ಮಾಡಿ ಹೆಪ್ಪುಗಟ್ಟಿಸಿದೆವು. ಇನ್ನು ಮೇಲೆ ಪ್ರತಿ ಬೆಳೆಗೂ ನೇರ ಈ ಟ್ಯೂಬಿನಿಂದಲೇ ಬೀಜ, ಬೀಜದಿಂದ ಮತ್ತೆ ಟ್ಯೂಬು ಮಾಡುವ ಹಾಗಿಲ್ಲ. ಉಂಡಾಡಿಗಳಿಗೆ ತಲೆಯೆತ್ತಲು ಹೊತ್ತು ಕೊಡಬಾರದು ಎಂದು ನಾನು ಹೇಳಿದೆ. ಉಂಡಾಡಿ ಎಂಬ ಹೆಸರು ಪ್ಲೇಟಮ್ಮನಿಗೆ ಹಿಡಿಸಿತು, ಅಂದಿನಿಂದ ಲ್ಯಾಬಿನಲ್ಲಿ ಅದೇ ಚಾಲ್ತಿಗೆ ಬಂತು.

ಟ್ಯಾಂಕ್ ಶುರುವಾಗುವ ಹಿಂದಿನ ಶುಕ್ರವಾರ ಸಭೆ ಸೇರಿತು. ಮ್ಯಾನೇಜರ್ ಕನ್ನಡಕ ತೆಗೆದರು. "ಹಿಂದಿನ ಎರಡು ಸಲ ಯಾಕೆ ಹಾಳಾಯ್ತು ಅಂತ ಮೇಲಿನವರಿಗೆ ಬರೀಬೇಕು. ಪ್ಲೇಟ್ ವಿಭಾಗದಲ್ಲಿ ಏನೋ ನಿರ್ಲಕ್ಷ್ಯ ಅಂತ ಕೇಳಿದೆ."

ನಾನು ಬೈದದ್ದು ಅಷ್ಟು ದೂರ ಹೋಗಿತ್ತು. ಮೇಜಿನ ಕೊನೆಯಲ್ಲಿ ಪ್ಲೇಟಮ್ಮ ತಮ್ಮ ಅಂಗೈ ನೋಡಿಕೊಂಡು ಕೂತಿದ್ದರು. ಸುಮ್ಮನಿದ್ದರೆ ನನಗೆ ಲಾಭ ಎನ್ನುವುದು ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಸೋಮವಾರದ ಟ್ಯಾಂಕೂ ಸೋತರೆ, ನನ್ನ ಬಾಯಿಂದಲೇ ಒಪ್ಪಿಕೊಂಡ ತಪ್ಪು ಕಾಗದದ ಮೇಲಿರುತ್ತದೆ. ಆಗ ಪ್ಯಾಕಿಂಗಿನ ಕಿಟಕಿಯೂ ಸಿಗುವುದು ಅನುಮಾನ. ಆದರೂ ಎದ್ದು ನಿಂತೆ.

"ನಿರ್ಲಕ್ಷ್ಯ ಅವರದ್ದಲ್ಲ ಸರ್. ದಪ್ಪ ಚುಕ್ಕೆ ಆರಿಸಿ ಅಂತ ಬರೆದು ಗೋಡೆಗೆ ಹಚ್ಚಿದ್ದು ನಾನು. ಅವರು ನಾನು ಬರೆದಿದ್ದನ್ನ ಚಾಚೂ ತಪ್ಪದೆ ಮಾಡಿದ್ರು. ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೇನೇ ಹೇಳ್ತೀನಿ, ತಪ್ಪು ನಂದು. ಪ್ಲೇಟಮ್ಮ, ಕ್ಷಮಿಸಿ."

ಟ್ಯಾಂಕಣ್ಣ ಮೀಸೆಯಡಿ ನಕ್ಕು, "ಹಾಗಾದ್ರೆ ಸೋಮವಾರ ನನ್ನ ಟ್ಯಾಂಕಿಗೆ ಬರೋದು ಸಣಕಲುಗಳಾ?" ಎಂದರು. ಪ್ಲೇಟಮ್ಮ ತಲೆ ಎತ್ತಿ, "ಹೌದು, ಮುತ್ತಿನಂಥ ಸಣಕಲುಗಳು" ಅಂದರು.

ಟ್ಯಾಂಕಣ್ಣ ಮೂವತ್ತು ವರ್ಷದಿಂದ ಆ ಉಕ್ಕಿನ ಟ್ಯಾಂಕಿನ ಜೊತೆ ಸಂಸಾರ ಮಾಡಿದವರು. ಮಾಪಕ ಏನು ಹೇಳಿದರೂ ಅವರದೇ ಒಂದು ಪರೀಕ್ಷೆ ಇದೆ: ಸ್ಯಾಂಪಲನ್ನು ಗಾಜಿನ ಲೋಟಕ್ಕೆ ಹಿಡಿದು, ಹಿಂದೆ ಬೆರಳಿಟ್ಟು, ಬೆಳಕಿಗೆ ಎತ್ತುತ್ತಾರೆ. ಬೆರಳು ಕಾಣದಿದ್ದರೆ ಬೆಳೆ ದಟ್ಟವಾಗಿದೆ, ಸರಿ. ಕಂಡರೆ ಏನೋ ಕೆಟ್ಟಿದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಬೀಜ ಹಾಕಿದೆವು. ಮಂಗಳವಾರ ಒಂಬತ್ತಕ್ಕೆ ನಾನು ಹೋದಾಗ ಟ್ಯಾಂಕಣ್ಣ ಲೋಟ ಹಿಡಿದು ನನಗಾಗಿಯೇ ಕಾಯುತ್ತಿದ್ದರು. ಲೋಟದ ಆಚೆ ಅವರ ಬೆರಳು ಚೆನ್ನಾಗಿ ಕಾಣುತ್ತಿತ್ತು, ಉಗುರಿನ ಸಮೇತ.

"ನೋಡು ತಾಯಿ. ಇಪ್ಪತ್ತಾರು ಗಂಟೆ ಆಯ್ತು. ಹಳೇದಾಗಿದ್ರೆ ಇಷ್ಟೊತ್ತಿಗೆ ಗಂಜಿ ಹಾಗೆ ಇರ್ತಿತ್ತು. ಇದು ಬೆಳೀತಾನೇ ಇಲ್ಲ. ಎರಡು ಡ್ರಮ್ ಯೀಸ್ಟ್ ಸಾರ ಹಾಕ್ತೀನಿ, ಸ್ವಲ್ಪ ಮೈ ತುಂಬ್ಕೊಳ್ಳಲಿ."

"ಬೇಡ ಅಣ್ಣ. ಹಾಕಿದ್ರೆ ಮೊದ್ಲು ಎದ್ದು ಕೂರೋದು ಉಂಡಾಡಿಗಳೇ. ಒಂದಾದ್ರೂ ಇದ್ದೇ ಇರುತ್ತೆ ಒಳಗೆ."

"ಬೆಳೆ ಸತ್ರೆ ಹೆಸರು ಕೆಡೋದು ನನ್ನ ಟ್ಯಾಂಕಿಂದು!"

ಡ್ರಮ್ಮುಗಳು ಆಗಲೇ ಪಂಪಿನ ಪಕ್ಕ ಬಂದಿದ್ದವು. ಟ್ಯಾಂಕ್ ಅವರದು, ಮಾತೂ ಅವರದೇ. ಅವರು ಕವಾಟ ತಿರುಗಿಸಿದರೆ ನಾನು ತಡೆಯುವ ಹಾಗಿಲ್ಲ. ಕೂಗಾಡಿದರೆ ಮುಗಿದೇ ಹೋಯಿತು, ಹಠಕ್ಕೆ ಬೀಳುತ್ತಾರೆ. ಪ್ಲೇಟಮ್ಮ "ನೀವು ಕೇಳಿದ್ರಾ?" ಅಂದದ್ದು ನೆನಪಾಯಿತು. ಹೇಳುವುದನ್ನು ಬಿಟ್ಟು ಕೇಳಿದೆ.

"ಅಣ್ಣ, ನಿಮ್ಮ ಕಿವಿಗೆ ಏನು ಕೇಳಿಸ್ತಿದೆ? ಅಮೋನಿಯಾ ಪಂಪು?"

ಟ್ಯಾಂಕಿನ ಪಕ್ಕದಲ್ಲಿ ಸಣ್ಣ ಪಂಪೊಂದಿದೆ. ಬ್ಯಾಕ್ಟೀರಿಯಾ ಕೆಲಸ ಮಾಡಿ ಅಮೋನಿಯಾ ಕುಡಿದಷ್ಟೂ ಅದು ತಾನಾಗಿ ಟಕ್ ಎಂದು ಇನ್ನೊಂದು ಗುಟುಕು ಒಳಗೆ ಬಿಡುತ್ತದೆ. ಲೈಸಿನ್ ಮಾಡಲು ಅಮೋನಿಯಾ ಬೇಕೇ ಬೇಕು. ಟ್ಯಾಂಕಣ್ಣ ಹುಬ್ಬು ಗಂಟಿಕ್ಕಿ ಕಿವಿಗೊಟ್ಟರು. ಟಕ್. ಟಕ್. ಟಕ್. ಕೈಗಡಿಯಾರ ನೋಡಿ ಒಂದು ನಿಮಿಷ ಎಣಿಸಿದರು. ನಂಬದೆ ಇನ್ನೊಂದು ನಿಮಿಷ ಎಣಿಸಿದರು.

"ಹಳೇದಕ್ಕೆ ನಿಮಿಷಕ್ಕೆ ಒಂಬತ್ತು," ಎಂದರು ನಿಧಾನವಾಗಿ. "ಇದು ಹದಿನಾಲ್ಕು. ಇಷ್ಟು ತೆಳ್ಳಗಿರೋ ಬೆಳೆ ಹದಿನಾಲ್ಕು ಹೇಗಮ್ಮಾ ಕುಡಿಯುತ್ತೆ?"

"ಕುಡಿದಿದ್ದನ್ನ ಮೈಗೆ ಹಚ್ಕೊಳ್ತಿಲ್ಲ ಅಣ್ಣ. ಕೊಟ್ಟುಬಿಡ್ತಿವೆ."

ಅವರು ಲೋಟದ ಆಚೆಗಿನ ತಮ್ಮ ಬೆರಳನ್ನೂ ಪಂಪನ್ನೂ ಸರದಿಯ ಮೇಲೆ ನೋಡಿದರು. ಮೂವತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ ಮನುಷ್ಯನಿಗೆ ಕಿವಿಯನ್ನು ನಂಬುವುದು ಸುಲಭವಲ್ಲ. ಕೊನೆಗೆ ಲೋಟದಲ್ಲಿದ್ದದ್ದನ್ನು ಚೆಲ್ಲಿ, "ಆ ಡ್ರಮ್ಮು ವಾಪಸ್ ಒಯ್ರೀ, ದಾರಿಗಡ್ಡ" ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಮೂರು ಗಂಟೆವರೆಗೂ ಯಾರಿಗೂ ಕೈ ಹಾಕೋಕೆ ಬಿಡಲ್ಲ, ಮ್ಯಾನೇಜರ್ ಬಂದ್ರೂ" ಎಂದರು.

ಬುಧವಾರ ಮಧ್ಯಾಹ್ನ ಮೂರಕ್ಕೆ ಟ್ಯಾಂಕಣ್ಣನೇ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಬಂದರು. ಹಿಂದೆ ಟ್ಯಾಂಕ್ ವಿಭಾಗದ ಅರ್ಧ ಜನ. ಪ್ಲೇಟಮ್ಮ ಅದನ್ನು ಸೋಸಿ, ತಿಳಿ ಮಾಡಿ, ಅಳೆಯುವ ಯಂತ್ರಕ್ಕೆ ಇಟ್ಟರು. ಯಂತ್ರ ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತದೆ. ನಾನು ಬೆನ್ನು ತಿರುಗಿಸಿ ಸಿಂಕಿನಲ್ಲಿ ತೊಳೆದ ಗಾಜನ್ನೇ ಮತ್ತೆ ತೊಳೆಯುತ್ತಿದ್ದೆ. ನೂರಹತ್ತು, ನೂರಹತ್ತು ಎಂದು ತಲೆಯೊಳಗೆ ಒಂದೇ ಜಪ.

"ಮೇಡಂ," ಎಂದರು ಪ್ಲೇಟಮ್ಮ.

ತಿರುಗಿದೆ. ಪರದೆಯ ಮೇಲೆ ಗೆರೆ ಏರಿ ಏರಿ, ಚೌಕಟ್ಟಿನ ತುದಿಗೆ ತಾಗಿ ನಿಂತಿತ್ತು. ಕೆಳಗೆ ಸಂಖ್ಯೆ: ನೂರ ಇಪ್ಪತ್ತೊಂದು.

"ಯಂತ್ರ ತಪ್ಪಿರಬಹುದು," ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದು. ಇನ್ನೊಮ್ಮೆ ಹಾಕಿದೆವು. ಮತ್ತೆ ಹನ್ನೆರಡು ನಿಮಿಷ. ಈ ಸಲ ಬೆನ್ನು ತಿರುಗಿಸಲಿಲ್ಲ. ನೂರ ಇಪ್ಪತ್ತೆರಡು.

ಟ್ಯಾಂಕಣ್ಣ ಹಾಕಿದ ಕೂಗಿಗೆ ಕಾರಿಡಾರಿನ ಆ ತುದಿಯ ಬಾಗಿಲುಗಳೆಲ್ಲ ತೆರೆದವು. ಯಾರೋ ಬಕೆಟ್ ಬಡಿದರು. ನಾನು ಪ್ಲೇಟಮ್ಮನನ್ನು ತಬ್ಬಿಕೊಂಡು ಎತ್ತಿಬಿಟ್ಟೆ, ಅವರು "ಅಯ್ಯೋ ಬಿಡಿ, ಸೊಂಟ, ಸೊಂಟ!" ಎಂದು ನಗುತ್ತ ಅತ್ತರು. ಏಳು ವರ್ಷ ನನ್ನೊಳಗೆ ಗಂಟುಹಾಕಿಕೊಂಡಿದ್ದದ್ದೆಲ್ಲ ಒಮ್ಮೆಲೇ ಬಿಚ್ಚಿತು. ಗೆದ್ದೆವು ಎಂದು ನಾನು ಜೋರಾಗಿ ಹೇಳಿದೆ, ಇನ್ನೊಮ್ಮೆ ಹೇಳಿದೆ, ಯಾರಾದರೂ ಸಾಕು ಅನ್ನುವವರೆಗೂ ಹೇಳುತ್ತಿದ್ದೆ. ಯಾರೂ ಅನ್ನಲಿಲ್ಲ.

ಮ್ಯಾನೇಜರ್ ಓಡಿ ಬಂದರು. ಕನ್ನಡಕ ಮುಖದ ಮೇಲೇ ಇತ್ತು. ಲ್ಯಾಬ್ ಮುಚ್ಚುವ ಮಾತು ಇನ್ನಿಲ್ಲ ಎಂದು ಬಾಯಿಬಿಟ್ಟು ಹೇಳಿಸಿಕೊಂಡೆ, ಅದೂ ಎಲ್ಲರ ಮುಂದೆ. ಅವರು ಮೇಲಿನವರಿಗೆ ಕಳಿಸಲು ಫೋಟೊ ಬೇಕೆಂದು ಫೋನ್ ತೆಗೆದು, ಮೇಜಿನ ಮೇಲಿದ್ದ ಹೋಲಿಕೆಯ ತಟ್ಟೆಯ ಮೇಲೆ ಬಗ್ಗಿದರು.

"ಆಹಾ, ಎಷ್ಟು ಲಕ್ಷಣವಾಗಿ ಬೆಳೆದಿದೆ! ಇದೇ ತಾನೆ?"

"ಅದು ಉಂಡಾಡಿ ಸರ್," ಎಂದರು ಪ್ಲೇಟಮ್ಮ. "ಅದರ ಪಕ್ಕ ನೋಡಿ. ಇನ್ನೂ ಹತ್ರ ಬನ್ನಿ. ಇನ್ನೂ ಹತ್ರ."

ಮ್ಯಾನೇಜರ್ ಮೂಗು ತಟ್ಟೆಗೆ ತಾಗುವಷ್ಟು ಬಗ್ಗಿದರು.

ಎಲ್ಲರೂ ಹೋದ ಮೇಲೆ ನಾನು ಗೋಡೆಯ ಹಾಳೆಯನ್ನು ಕಿತ್ತೆ. ಹೊಸ ಹಾಳೆ ತಂದು, ಒಂದರಿಂದ ಮೂರರವರೆಗೆ ಬರೆದು, ಪೆನ್ನನ್ನು ಪ್ಲೇಟಮ್ಮನ ಕೈಗೆ ಕೊಟ್ಟೆ. "ನಾಲ್ಕನೇದು ನೀವು ಬರೀರಿ" ಎಂದೆ. ಅವರು ಬೇಡ ಬೇಡ ಎಂದರು, ಅಕ್ಷರ ಚೆನ್ನಾಗಿಲ್ಲ ಎಂದರು, ಕೊನೆಗೆ ಏಪ್ರನ್ನಿಗೆ ಕೈ ಒರೆಸಿಕೊಂಡು ಕೂತು ಬರೆದರು. ಬರೆದು ಮುಗಿಸಿ, ಯೋಚಿಸಿ, ಇನ್ನೊಂದು ಸಾಲು ಸೇರಿಸಿ, ಅದರ ಅಡಿಯಲ್ಲಿ ಎರಡು ಗೆರೆ ಎಳೆದರು.

ಆ ಹಾಳೆ ಈಗಲೂ ಅಲ್ಲೇ ಇದೆ. ನಾಲ್ಕನೇ ಸೂಚನೆ ಹೀಗಿದೆ: "ಸಣ್ಣ ಚುಕ್ಕೆಗಳನ್ನು ಬಿಸಾಡಬೇಡಿ. ಗೊತ್ತಾಗದಿದ್ದರೆ ನನ್ನನ್ನು ಕೇಳಿ." ನಾನು ಪ್ರತಿದಿನ ಬೆಳಿಗ್ಗೆ ಗ್ಲೌಸ್ ಹಾಕಿಕೊಳ್ಳಲು ಮರೆಯುತ್ತೇನೆ, ಆದರೆ ಕೇಳಲು ಮರೆಯುವುದಿಲ್ಲ.